ಸಮುದ್ರದ ತಪಾಸಣೆಗೆ ಹೋದ ನೀರುಗಂಟಿ

ದಿಯುಗೆ ಹೋಗುವವರಿಗೆ ನಾನು ಕೊಡುವ ಮೊದಲ ಸಲಹೆ: ಜೊತೆಯಲ್ಲಿ ನೀರುಗಂಟಿಯನ್ನು ಕರೆದುಕೊಂಡು ಹೋಗಬೇಡಿ. ಮಿಕ್ಕ ಸಲಹೆಗಳೆಲ್ಲ ಇದರ ಮುಂದೆ ಸಣ್ಣವು.

ಹೊಳಲ್ಕೆರೆಯಲ್ಲಿ ನಾನು ಈಗ ದಿಯು ವಿಚಾರದಲ್ಲಿ ಒಬ್ಬ ಪ್ರಮಾಣಪುರುಷ. ಈ ಪದವಿ ಸುಲಭವಾಗಿ ಸಿಕ್ಕಿತು, ಏಕೆಂದರೆ ಊರಿನಲ್ಲಿ ಇನ್ಯಾರೂ ಅಲ್ಲಿಗೆ ಹೋಗಿಲ್ಲ. ಗುಜರಾತಿನ ಬುಡಕ್ಕೆ ಅಂಟಿಕೊಂಡಂತಿರುವ ಒಂದು ಪುಟ್ಟ ದ್ವೀಪ, ಅದೇ ಒಂದು ಜಿಲ್ಲೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿಯೊಳಗೆ ಅದನ್ನು ಮಡಚಿ ಇಟ್ಟುಬಿಡಬಹುದು. ಸುತ್ತ ಗುಜರಾತಿನಲ್ಲಿ ಪಾನನಿರೋಧ, ದಿಯುನಲ್ಲಿ ಇಲ್ಲ. ಈ ಒಂದು ಸಂಗತಿಯನ್ನು ನಮ್ಮ ಬಸ್‌ಸ್ಟ್ಯಾಂಡಿನ ಚಹದಂಗಡಿ ಅದು ಹೇಗೋ ಮೊದಲೇ ಪತ್ತೆಮಾಡಿತ್ತು. ನಾನು ಹೊರಟ ದಿನ ಒಬ್ಬರು ಗ್ಲಾಸು ಕೆಳಗಿಟ್ಟು, "ಏನ್ರೀ, ವಯಸ್ಸಾದ ಮೇಲೆ ತೀರ್ಥಯಾತ್ರೆನಾ? ತೀರ್ಥ ಜಾಸ್ತಿ ಆಗದಂಗೆ ನೋಡ್ಕಳ್ರಿ" ಎಂದು ಹರಸಿದರು.

ನಾವು ಹೋದದ್ದು ಬೇರೆ ದ್ರವಪದಾರ್ಥದ ವಿಚಾರಣೆಗೆ.

ನನ್ನ ಅಕ್ಕನ ಒಬ್ಬಳೇ ಮಗಳು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದಾಗ ಅವಳನ್ನು ದಿಯುಗೆ ಹಾಕಿದರು. ಅಲ್ಲಿನ ಅವಧಿ ಮುಗಿಯುತ್ತ ಬಂದಿತ್ತು. ಊರ ಕಡೆಗೆ ಬರುತ್ತೀಯೋ, ಇನ್ನಷ್ಟು ವರ್ಷ ಇಲ್ಲೇ ಇರುತ್ತೀಯೋ ಎಂದು ಮೇಲಿನವರು ಕೇಳಿದ್ದರು. ಅವಳಿಗೆ ಇರುವ ಮನಸ್ಸು. ಅದನ್ನು ಫೋನಿನಲ್ಲಿ ಹೇಳಿದಾಗ ಅಕ್ಕ ಅತ್ತಳು, ಅತ್ತು ಮುಗಿಸಿ ಒಪ್ಪಿದಳು. ಭಾವ ಅಳಲೂ ಇಲ್ಲ, ಒಪ್ಪಲೂ ಇಲ್ಲ. "ಸುತ್ತ ನೀರು ಇರೋ ಊರಾಗೆ ಮಗಳ್ನ ಬಿಡಬೇಕಂದ್ರೆ ಮೊದ್ಲು ನೀರು ನೋಡಬೇಕು" ಎಂದರು. "ಅಪ್ಪಯ್ಯ ನೋಡಿ ಬ್ಯಾಡ ಅಂದ್ರೆ ನಾನು ಬಂದುಬಿಡ್ತೀನಿ" ಎಂದು ಹುಡುಗಿ ಮಾತು ಕೊಟ್ಟಳು. ಸೋಮವಾರ ಅವಳು ಬ್ಯಾಂಕಿನಲ್ಲಿ ಉತ್ತರ ಹೇಳಬೇಕು. ಅಷ್ಟರೊಳಗೆ ಅರಬ್ಬಿ ಸಮುದ್ರದ ತಪಾಸಣೆ ಮುಗಿಯಬೇಕು.

ಭಾವನ ಅಧಿಕಾರದ ಬಗ್ಗೆ ಒಂದು ಮಾತು. ನಮ್ಮ ಕಡೆ ನೀರುಗಂಟಿ ಎಂದರೆ ಕೆರೆಯ ತೂಬು ತೆಗೆದು, ಮುಚ್ಚಿ, ಗದ್ದೆಗದ್ದೆಗೆ ನೀರು ಹಂಚುವವನು, ಮಳೆಗಾಲದಲ್ಲಿ ಏರಿ ಕಾಯುವವನು. ತಂದೆಯಿಂದ ಮಗನಿಗೆ ಬರುವ ಕೆಲಸ. ಭಾವನ ಪಾಲಿಗೆ ಕೆಲಸ ಬಂತು, ನೀರು ಬರಲಿಲ್ಲ. ಬಹಳ ವರ್ಷ ಅವರು ನೀರಿಲ್ಲದ ಕೆರೆಯ ನೀರುಗಂಟಿಯಾಗಿದ್ದರು. ಹಾಗೆಂದು ಹುದ್ದೆಯ ಗಾಂಭೀರ್ಯಕ್ಕೆ ಕುಂದು ಬರಗೊಡಲಿಲ್ಲ. ಒಣಗಿ ಬಿರುಕುಬಿಟ್ಟ ಕೆರೆಯ ಏರಿಯ ಮೇಲೆ ದಿನಾ ಬೆಳಿಗ್ಗೆ ಒಂದು ಸುತ್ತು ನಡೆದು, ತೂಬಿನ ಕಲ್ಲು ಮುಟ್ಟಿ ಬರುತ್ತಿದ್ದರು, ಯಾರಾದರೂ ಬರಗಾಲವನ್ನು ಕದ್ದೊಯ್ದಾರು ಎಂಬಂತೆ. ಈಚಿನ ಮಳೆಗೆ ಕೆರೆ ತುಂಬಿ ಕೋಡಿಯ ಮೇಲೆ ಹರಿದಾಗ ಅವರು ಮೂರು ದಿನ ಮನೆಗೆ ಬರಲಿಲ್ಲ. ಅಕ್ಕ ಊಟವನ್ನು ಏರಿಗೇ ಕಳಿಸಿದಳು.

ಅವರ ಅಧಿಕಾರದಂಡ ಒಂದು ಬಿದಿರು ಕೋಲು. ಆಳುದ್ದ, ಗೇಣಿಗೊಂದು ಗೀರು. ನೀರಿನ ಆಳ ನೋಡುವುದು ಅದರಲ್ಲೇ, ನಡೆಯುವಾಗ ಊರಿಕೊಳ್ಳುವುದೂ ಅದನ್ನೇ. ಅಜ್ಜನ ಕಾಲದಿಂದ ಬಂದದ್ದು ಎನ್ನುತ್ತಾರೆ. ಬಿದಿರು ಮಧ್ಯೆ ಎರಡು ಸಲ ಬದಲಾಗಿದೆ, ಕೋಲು ಮಾತ್ರ ಅದೇ.

ನಾನು ಚಿಕ್ಕಜಾಜೂರಿನಲ್ಲಿ ರೈಲ್ವೆ ಗುಮಾಸ್ತನಾಗಿ ಮುಪ್ಪಾದವನು. ಆದ್ದರಿಂದ ದಾರಿಯ ಹೊಣೆ ನನ್ನದು. ಚಿಕ್ಕಜಾಜೂರಿನಲ್ಲಿ ಹತ್ತಿ, ನಡುವೆ ರೈಲು ಬದಲಿಸಿ, ವೇರಾವಲ್‌ನಲ್ಲಿ ಇಳಿದು, ಊನಾ ಮೇಲೆ ಬಸ್ಸಿನಲ್ಲಿ ಹೋಗಬೇಕು. ಹೇಳುವಾಗ ಒಂದೇ ಉಸಿರಿಗೆ ಮುಗಿಯುತ್ತದೆ. ಜೊತೆಗೆ ಹೊರಟ ಅಕ್ಕನ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ರಾಗಿಹಿಟ್ಟು ಇದ್ದವು. ಭಾವನ ಕೈಯಲ್ಲಿ ಕೋಲು. ಟಿಕೆಟ್ ನೋಡಲು ಬಂದವರು ಕೋಲನ್ನು ಬುಡದಿಂದ ತುದಿಯವರೆಗೆ ನೋಡಿ, ಹಿಂದಿಯಲ್ಲಿ ಇದೇನು ಎಂದು ಕೇಳಿದರು. ನೀರುಗಂಟಿ ಎಂಬುದನ್ನು ನಾನು ಹಿಂದಿಗೆ ತಿರುಗಿಸಿದ್ದು ಹೇಗೋ ಏನೋ, ಅವರು ಭಾವನಿಗೆ ನಮಸ್ಕಾರ ಮಾಡಿ ಮುಂದೆ ಹೋದರು. ಯಾವುದೋ ಮಠದ ಸ್ವಾಮಿಗಳೆಂದು ತಿಳಿದರೆಂದು ನನ್ನ ಗುಮಾನಿ. ಭಾವ ಅದನ್ನು ತಿದ್ದಲು ಹೋಗಲಿಲ್ಲ.

ಮಧ್ಯಾಹ್ನ ಹುಡುಗಿಯ ಮನೆ ತಲುಪಿದೆವು. ಊಟ ಮುಗಿದದ್ದೇ ಭಾವ ಎದ್ದು ನಿಂತರು. "ನಡೀರಿ, ನೀರು ನೋಡಾಣ." ನಾಗೋವಾ ಎಂಬಲ್ಲಿ ಕುದುರೆ ಲಾಳದ ಹಾಗೆ ಬಾಗಿದ ಮರಳ ದಂಡೆ ಇದೆ. ಪ್ರವಾಸಿಗಳು ಅಲ್ಲಿ ಕೂಗಾಡುತ್ತ ನೀರಿಗಿಳಿಯುತ್ತಾರೆ. ಭಾವ ಕೂಗಲಿಲ್ಲ. ಕೋಲೂರಿ ನಿಂತು, ಎಡದಿಂದ ಬಲಕ್ಕೆ ಒಮ್ಮೆ ನಿಧಾನವಾಗಿ ನೋಡಿದರು.

"ಕೂಸೇ, ಇದರ ಏರಿ ಯಾವ ಕಡೆಗೈತೆ?"

"ಏರಿ ಇಲ್ಲ ಅಪ್ಪಯ್ಯ."

"ತೂಬು?"

"ತೂಬೂ ಇಲ್ಲ."

"ಕೋಡಿನಾದ್ರೂ ಐತಾ?"

"ಸಮುದ್ರಕ್ಕೆಲ್ಲಿ ಕೋಡಿ, ಅಪ್ಪಯ್ಯ?"

"ಹಂಗಾರೆ ಇದನ್ನ ಕಾಯೋರು ಯಾರು?"

ಭಾವ ಒಂದು ಕಲ್ಲು ಹುಡುಕಿ, ನೀರು ಮುಟ್ಟುತ್ತಿದ್ದ ಅಂಚಿನಲ್ಲಿ ನೆಟ್ಟರು. ಕೆರೆಯಲ್ಲಿ ಹೀಗೆಯೇ ಮಾಡುವುದು. ವಾರ ಬಿಟ್ಟು ನೋಡಿದರೆ ನೀರು ಎಷ್ಟು ಇಳಿಯಿತೆಂದು ಕಲ್ಲು ಹೇಳುತ್ತದೆ.

ಮರುದಿನ ಬೆಳಕು ಹರಿಯುವ ಮುಂಚೆ ನನ್ನ ಹೊದಿಕೆ ಎಳೆದರು. "ಏನಪ್ಪಾ, ಏಳು. ಸಮುದ್ರ ಸೋರೈತೆ."

ಹೋಗಿ ನೋಡಿದರೆ ನಿಜ. ಕಲ್ಲು ಒಣ ಮರಳಿನಲ್ಲಿ ಒಂಟಿಯಾಗಿ ಕುಳಿತಿತ್ತು, ಸಮುದ್ರ ಎಲ್ಲೋ ಅತ್ತ ಸರಿದಿತ್ತು. ಒಂದು ರಾತ್ರಿಗೆ ಇಷ್ಟು ಹೋಗಿದೆಯೆಂದರೆ ಎಲ್ಲೋ ಒಡೆದಿದೆ ಎಂದು ಭಾವನ ತೀರ್ಮಾನ. ದಂಡೆಯುದ್ದಕ್ಕೂ ಒಡಕು ಹುಡುಕಿದೆವು. ಮಧ್ಯಾಹ್ನ ಮತ್ತೆ ಹೋದಾಗ ಕಲ್ಲೇ ಕಾಣಲಿಲ್ಲ, ಅದರ ಮೇಲೆ ಅಲೆ ಆಡುತ್ತಿತ್ತು.

"ಮಳೆ ಇಲ್ಲ, ಹಳ್ಳ ಬಂದಿಲ್ಲ. ಹೆಂಗೆ ತುಂಬ್ತು?"

ನಾನು ಶಾಲೆಯಲ್ಲಿ ಓದಿದ್ದನ್ನು ನೆನಪಿಸಿಕೊಂಡು, ಚಂದ್ರ ನೀರನ್ನು ಎಳೆಯುತ್ತಾನೆ, ಅದರಿಂದ ಉಬ್ಬರ, ಇಳಿತ ಎಂದು ವಿವರಿಸಿದೆ.

"ಚಂದ್ರ ನಮ್ಮ ಕೆರೆ ಮೇಲೂ ಬರ್ತಾನೆ. ಒಂದು ಗೇಣು ಎತ್ತಿದ್ದು ನಾ ಕಾಣೆ" ಎಂದರು ಭಾವ. ವಿಜ್ಞಾನದ ಪರವಾದ ನನ್ನ ವಕಾಲತ್ತು ಅಲ್ಲಿಗೆ ಮುಗಿಯಿತು.

ನಮ್ಮವರನ್ನು ತಪ್ಪು ತಿಳಿಯಬಾರದು. ಹಿರಿಯೂರಿನ ನೆಂಟರು ಸಿಕ್ಕರೆ ಮನೆಮಂದಿಯ ಆರೋಗ್ಯಕ್ಕಿಂತ ಮೊದಲು ಮಾರಿಕಣಿವೆ ಜಲಾಶಯದಲ್ಲಿ ನೀರು ಎಷ್ಟು ಅಡಿ ಎಂದು ಕೇಳುವ ಜನ ನಾವು. ಒಂದಡಿ ಏರಿದರೆ ಹಬ್ಬ, ಇಳಿದರೆ ಸೂತಕ. ಅಂಥವರ ಎದುರು ಒಂದು ನೀರು ದಿನಕ್ಕೆರಡು ಸಲ ಆಳೆತ್ತರ ಏರಿ, ಎರಡು ಸಲ ಇಳಿದು, ಅದಕ್ಕೆ ಯಾರಿಗೂ ಲೆಕ್ಕ ಒಪ್ಪಿಸದೆ ಇರುವುದು ಒಂದು ತರಹದ ಅನೀತಿ.

ಅಂದು ಸಂಜೆ ಕೋಟೆ ನೋಡಿದೆವು. ದಿಯುನಲ್ಲಿ ನೋಡಲೇಬೇಕಾದದ್ದು ಪೋರ್ಚುಗೀಸರ ಆ ಕೋಟೆ. ಫಿರಂಗಿಗಳು ಇನ್ನೂ ಸಮುದ್ರದ ಕಡೆ ಮುಖಮಾಡಿ ಬಿದ್ದಿವೆ. ದುರ್ಗದ ಏಳು ಸುತ್ತು ಹತ್ತಿ ಇಳಿದು ಬೆಳೆದ ನಮಗೆ ಬೇರೆಯವರ ಕೋಟೆಯನ್ನು ಹೊಗಳುವುದು ಸ್ವಲ್ಪ ಕಷ್ಟ. "ಬಂಡೆ ಇಲ್ಲದ ಕಡೆ ಪಾಪ, ಇಷ್ಟಾದ್ರೂ ಕಟ್ಟಿದಾರೆ" ಎಂದು ಅಕ್ಕ ಉದಾರವಾಗಿ ನುಡಿದಳು. ದಾರಿಯಲ್ಲಿ ಕವಲೊಡೆದ ತಾಳೆಯಂಥ ಮರಗಳು ಬಹಳ. ಹೊಸದುರ್ಗದ ತೆಂಗಿನ ತೋಟಗಳನ್ನು ಕಂಡ ಕಣ್ಣಿಗೆ, ನೆಟ್ಟಗೆ ಬೆಳೆಯಬೇಕಾದ ಮರ ಹೀಗೆ ಕೊಂಬೆ ಬಿಟ್ಟುಕೊಂಡು ನಿಂತಿರುವುದು ಶಿಸ್ತಿಲ್ಲದ ನಡತೆಯಾಗಿ ಕಾಣುತ್ತದೆ. "ಇಲ್ಲಿ ಮರನೂ ನೀರಿನ ಹಂಗೇ" ಎಂದರು ಭಾವ.

ಊಟಕ್ಕೆ ಕೂತಾಗ ಹುಡುಗಿ ತನ್ನ ಕೆಲಸದ ಮಾತು ತೆಗೆದಳು. ಅವಳ ಶಾಖೆ ಇರುವುದು ದ್ವೀಪದ ಇನ್ನೊಂದು ತುದಿಯ ಮೀನುಗಾರರ ಊರಿನಲ್ಲಿ. "ನಮ್ಮ ಬ್ಯಾಂಕಿಗೆ ಜನ ಗಡಿಯಾರ ನೋಡ್ಕಂಡು ಬರಲ್ಲ ಮಾವ, ನೀರು ನೋಡ್ಕಂಡು ಬರ್ತಾರೆ. ಬೋಟು ಒಳಗೆ ಬಂದ್ರೆ ಕೌಂಟರ್ ತುಂಬ ಜನ. ನೀರು ಇಳಿದಾಗ ನೊಣ ಹೊಡೀತಾ ಕೂರಬೇಕು." ಅವಳು ನಗುತ್ತ ಹೇಳಿದ್ದು ನನಗೆ, ನೋಡಿದ್ದು ಅಪ್ಪನ ಕಡೆಗೆ.

ಭಾವ ಮುದ್ದೆ ಮುರಿಯುತ್ತ ತೀರ್ಪು ಕೊಟ್ಟರು. "ಇದು ನೆಚ್ಚಿಕೊಳ್ಳಾ ನೀರಲ್ಲ. ಹಿಡಿತ ಇಲ್ಲ, ಮಿತಿ ಇಲ್ಲ. ಸೋಮವಾರ ದಾವಣಗೆರೆ ಕಡೆ ಕೇಳ್ಕೊ."

ಹುಡುಗಿ "ಆಗ್ಲಿ ಅಪ್ಪಯ್ಯ" ಎಂದು ಸಾರು ಬಡಿಸಿದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ. ನನ್ನ ಎಲೆಗೆ ಮಾತ್ರ ಎರಡು ಸಲ ಬಡಿಸಿದಳು, ನಾನು ಸಾಕೆಂದದ್ದು ಅವಳಿಗೆ ಕೇಳಿಸಲಿಲ್ಲ.

ಭಾನುವಾರ ಬೆಳಿಗ್ಗೆ ಗಂಗೇಶ್ವರಕ್ಕೆ ಹೋದೆವು. ಸಮುದ್ರದ ಅಂಚಿನ ಬಂಡೆಗಳ ಸಂದಿನಲ್ಲಿ ಐದು ಲಿಂಗಗಳು. ನೀರು ಏರಿದಾಗ ಅಲೆಯೇ ಬಂದು ಅಭಿಷೇಕ ಮಾಡಿ ಹೋಗುತ್ತದೆ. "ನೋಡೋ ತಮ್ಮ, ಕೊಡಪಾನ ಹೊರೋ ಕೆಲಸನೇ ಇಲ್ಲ" ಎಂದು ಅಕ್ಕನಿಗೆ ಪೂಜಾರಿಯ ಮೇಲೆ ಸಣ್ಣ ಅಸೂಯೆಯಾಯಿತು. ಅವಳು ಹೂವು ಏರಿಸುತ್ತ, ನಾನು ಕಡ್ಲೆಕಾಯಿ ತಿನ್ನುತ್ತ, ಹುಡುಗಿ ಯಾರೊಂದಿಗೋ ಗುಜರಾತಿಯಲ್ಲಿ ಹರಟುತ್ತ ಇದ್ದಾಗ ಭಾವ ಕೋಲೂರಿಕೊಂಡು ಬಂಡೆಯಿಂದ ಬಂಡೆಗೆ ದಾಟುತ್ತ ದೂರದ ಒಂದು ಎತ್ತರದ ಬಂಡೆ ಹತ್ತಿ ಕುಳಿತರು. ತೀರ್ಪು ಕೊಟ್ಟ ಮೇಲೂ ಒಮ್ಮೆ ಸ್ಥಳ ನೋಡಿಬಿಡೋಣ ಎಂದಿರಬೇಕು. ಕೆರೆಯ ನೀರು ಕೂತವನ ಹಿಂದಿನಿಂದ ಬರುವುದಿಲ್ಲ. ಅದನ್ನೇ ನಂಬಿ ಅವರು ಹಿಂದಕ್ಕೆ ತಿರುಗಿ ನೋಡಲಿಲ್ಲ.

ಅಕ್ಕ ಪೂಜೆ ಮುಗಿಸಿ ತಿರುಗಿದಾಗ ಬಂಡೆಗೂ ದಡಕ್ಕೂ ನಡುವೆ ನೀರು ತುಂಬಿತ್ತು. "ಅಯ್ಯೋ ಶಿವನೇ!" ಎಂದು ಅವಳು ಕೂತುಬಿಟ್ಟಳು. ನಾನು ರೈಲ್ವೆಯ ಹಿಂದಿಯಲ್ಲಿ ದಡದವರಿಗೆಲ್ಲ ಗಾಬರಿ ಹಂಚಿದೆ. ಅದೊಂದು ನನಗೆ ಸಾಧ್ಯವಿತ್ತು.

ಹುಡುಗಿ ಓಡಲಿಲ್ಲ. ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಬಂಡೆಯನ್ನು ನೋಡಿದಳು. "ಅಮ್ಮ, ಅಳಬ್ಯಾಡ. ಆ ಬಂಡೆ ನೆತ್ತಿ ಮೇಲೆ ಹಕ್ಕಿ ಹಿಕ್ಕೆ ಒಣಗಿ ಬೆಳ್ಳಗೈತೆ ನೋಡು. ಅಲ್ಲೀತನಕ ನೀರು ಹೋಗಲ್ಲ, ಹೋಗಿದ್ರೆ ತೊಳೆದುಹೋಗ್ತಿತ್ತು." ಆಮೇಲೆ ಕೂಗಿದಳು: "ಅಪ್ಪಯ್ಯಾ, ಇಳೀಬ್ಯಾಡ!"

"ಮೊಣಕಾಲುದ್ದನೂ ಇಲ್ಲ ಕಣೇ! ದಾಟ್ತೀನಿ!"

"ಕೋಲು ಬಿಟ್ಟು ನೋಡು!"

ಭಾವ ಕೋಲನ್ನು ನೀರಿಗೆ ಇಳಿಬಿಟ್ಟರು. ಒಂದೊಂದೇ ಗೀರು ಮುಳುಗಿತು. ಎದೆಮಟ್ಟಕ್ಕೆ ನಿಂತಿತು. ಅವರು ಕೋಲನ್ನು ಮೇಲಕ್ಕೆಳೆದು, ಏನೂ ಆಗದವರಂತೆ ಮತ್ತೆ ಕುಳಿತರು, ಹಕ್ಕಿಗಳ ಆ ಬೆಳ್ಳನೆಯ ಆಸನದ ಮೇಲೆ.

"ಎಷ್ಟೊತ್ತಿಗೆ ಇಳೀತೈತೆ?"

"ಇನ್ನೂ ಸ್ವಲ್ಪ ಏರ್ತೈತೆ. ಏರಿ ಗಪ್ಪನೆ ನಿಲ್ತೈತೆ. ಆಮೇಲೆ ತಾನೇ ಇಳೀತೈತೆ. ನಿನ್ನೆಗಿಂತ ಮುಕ್ಕಾಲು ಗಂಟೆ ತಡ, ದಿನಾ ಹಂಗೇ. ಊಟದ ಹೊತ್ತು ದಾಟಲಿ, ನಾನೇ ಹೇಳ್ತೀನಿ, ಅಲ್ಲೀಗಂಟ ಕುಂತ್ಕ!"

ಊರಿನಲ್ಲಿ ಭಾವ ರೈತರಿಗೆ ಹೇಳುವ ಮಾತು ಇದೇ: ನಾನೇ ಹೇಳ್ತೀನಿ, ಅಲ್ಲೀಗಂಟ ಕುಂತ್ಕ. ದನಿಯೂ ಅದೇ. ಅಕ್ಕ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು.

ದಡದಲ್ಲಿ ಕೂತು ರೊಟ್ಟಿ ತಿಂದೆವು. ಬಂಡೆಯ ಮೇಲೆ ಭಾವ ಉಪವಾಸ ಕೂತಿದ್ದರು. ಮೀನು ಮಾರುವ ಹೆಂಗಸೊಬ್ಬಳು ಅವರನ್ನು ತೋರಿಸಿ ಏನೋ ಅಂದಳು, ಹುಡುಗಿ ಬಿದ್ದುಬಿದ್ದು ನಕ್ಕಳು. ಅದೇನೆಂದು ಎಷ್ಟು ಕೇಳಿದರೂ ಹೇಳಲಿಲ್ಲ. ನೀರು ಏರಿತು. ಲಿಂಗಗಳ ಮೇಲೆ ಹರಿಯಿತು. ಬಂಡೆಯ ನಡುವಿನ ಕಪ್ಪು ಪಾಚಿಯ ಗೆರೆ ಮುಟ್ಟಿ ನಿಂತಿತು. ಭಾವ ಬಗ್ಗಿ ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ನೀರು ತಿರುಗಿತು.

"ಈಗ ಬಾ ಅಪ್ಪಯ್ಯ. ಎಡಕ್ಕೆ ಕಾಲಿಡು, ಬಲಕ್ಕೆ ಪಾಚಿ ಐತೆ" ಎಂದು ಅವಳು ಕೂಗಿದ ಮೇಲೆಯೇ ಅವರು ಇಳಿದರು. ಹೇಳಿದ ಕಡೆಯೇ ಕಾಲಿಟ್ಟರು. ದಡಕ್ಕೆ ಬಂದು ಪಂಚೆ ಕೊಡವಿಕೊಂಡು, "ಮಿತಿ ಐತೆ ಇದಕ್ಕೆ" ಎಂದರು, "ರೊಟ್ಟಿ ಉಳಿದೈತಾ?"

ಇಷ್ಟೇ ಆಡಿದ ಮಾತು. ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊರಟಾಗಲೂ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಹುಡುಗಿ ಬ್ಯಾಂಕಿಗೆ ಹೋಗುವ ಸೀರೆಯುಟ್ಟು ನಿಂತಿದ್ದಳು. ಬಸ್ಸು ಹೊರಡುವ ಹೊತ್ತಿಗೆ ಅಕ್ಕನಿಗೆ ನೆನಪಾಯಿತು.

"ಅಯ್ಯೋ, ಕೋಲು! ಮನೇಲೇ ಮರೆತುಬಂದ್ರಲ್ಲ!"

"ಮರೆತಿಲ್ಲ. ಬಾಗಿಲ ಹಿಂದೆ ಇಟ್ಟು ಬಂದಿದೀನಿ" ಎಂದರು ಭಾವ, ಕಿಟಕಿಯ ಹೊರಗೆ ಮಗಳನ್ನಲ್ಲ, ಕಂಡಕ್ಟರನ್ನು ನೋಡುತ್ತ. "ನೀರು ಕಾಯೋರ ಮನೇಲಿ ಕೋಲು ಇರಬೇಕು."

ಹುಡುಗಿ ಕಿಟಕಿಯ ಸರಳು ಹಿಡಿದು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಬಂದಳು. ಸಂಜೆ ರೈಲಿಗೆ ಫೋನು ಬಂತು: ಇಲ್ಲೇ ಇರ್ತೀನಿ ಅಂತ ಹೇಳಿದೆ ಮಾವ.

ಆದ್ದರಿಂದ ದಿಯುಗೆ ಹೊರಟವರಿಗೆ ನನ್ನ ಕೊನೆಯ ಸಲಹೆ. ಎಷ್ಟು ಬೇಡವೆಂದರೂ ನೀರುಗಂಟಿಯನ್ನು ಕರೆದುಕೊಂಡೇ ಹೋಗುವುದಾದರೆ, ಹೆಗಲು ಗಟ್ಟಿಯಿರುವ ಒಬ್ಬರನ್ನೂ ಕರೆದೊಯ್ಯಿರಿ. ವೇರಾವಲ್‌ನಿಂದ ಚಿಕ್ಕಜಾಜೂರಿನವರೆಗೆ ಒಂದೊಂದು ಪ್ಲಾಟ್‌ಫಾರಂ ಹತ್ತಿ ಇಳಿಯುವಾಗಲೂ ಭಾವ ಊರಿಕೊಂಡದ್ದು ನನ್ನ ಹೆಗಲನ್ನೇ.