ದವಡೆಯೊಳಗಿನ ಸದ್ದು

ಚಳ್ಳಕೆರೆಯಿಂದ ಬಸ್ಸು ಹೊರಟಾಗ ಪಾತಮ್ಮನ ಎಡಗೆನ್ನೆ ಬೇರೆ ಯಾರದೋ ಆಗಿತ್ತು. ಮುಟ್ಟಿದರೆ ಬೆರಳಿಗೆ ಕೆನ್ನೆ ತಿಳಿಯುತ್ತಿತ್ತು, ಕೆನ್ನೆಗೆ ಬೆರಳು ತಿಳಿಯುತ್ತಿರಲಿಲ್ಲ. ಬಾಯಲ್ಲಿ ಹತ್ತಿಯುಂಡೆ. ಅರ್ಧ ಗಂಟೆ ಕಚ್ಚಿ ಹಿಡಿದಿರಬೇಕು, ಉಗುಳಬಾರದು, ಒಂದು ವಾರ ಗಟ್ಟಿಯಾದದ್ದೇನೂ ಕಡಿಯಬಾರದು ಎಂದಿದ್ದರು ಹಲ್ಲಿನ ಡಾಕ್ಟರು ಸ್ವಪ್ನ. ಪಕ್ಕದಲ್ಲಿ ಸೊಸೆ ನಿರ್ಮಲಾ ಮಾತ್ರೆಯ ಚೀಟಿ ಹಿಡಿದು ಕೂತಿದ್ದಳು.

ಕಿತ್ತದ್ದು ಎಡಗಡೆಯ ಕೆಳದವಡೆ ಹಲ್ಲು. ಅದು ಎರಡಾಗಿ ಸೀಳಿ ಬೇರಿನಲ್ಲಿ ಕೀವು ತುಂಬಿತ್ತು. ಸೂಜಿ ಚುಚ್ಚುವ ಮೊದಲು ಡಾಕ್ಟರು ಬಾಯೊಳಗೆ ದೀಪ ಹಿಡಿದು, "ಈ ಹಲ್ಲು ಇಷ್ಟು ಸವೆಯೋ ಹಾಗೆ ಏನು ಕಡೀತೀರಮ್ಮ?" ಎಂದು ಕೇಳಿದ್ದರು.

"ಶೇಂಗಾಬೀಜ."

"ಅಷ್ಟೊಂದು ತಿಂತೀರಾ?"

"ತಿನ್ನಲ್ಲಮ್ಮ. ಕಡಿದು ಉಗುಳ್ತೀನಿ."

ಡಾಕ್ಟರು ನಕ್ಕಿದ್ದರು. ಪಾತಮ್ಮ ನಗಲಿಲ್ಲ.

ಸಿದ್ದಾಪುರಕ್ಕೆ ಸೊಸೆಯಾಗಿ ಬಂದ ವರ್ಷ ಅತ್ತೆ ದುರುಗಕ್ಕ ಕಲಿಸಿದ ಕೆಲಸ ಅದು. ಬಿತ್ತನೆಗೆ ಎತ್ತಿಡುವ ಶೇಂಗಾಕಾಯಿಯನ್ನು ಹಸಿಯಿರುವಾಗಲೇ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಅತಿಯಾಗಿ ಒಣಗಿಸಿದರೆ ಬೀಜ ಹೋಳಾಗುತ್ತದೆ, ಮೊಳೆಯುವುದಿಲ್ಲ. ನಡುವೆ ಸಿಗುವುದು ಒಂದೆರಡು ದಿನ. ಕಣದ ಅಡಿಯಿಂದ ಒಂದು ಕಾಯಿ ತೆಗೆದು, ಸುಲಿದು, ಬೀಜವನ್ನು ಎಡದವಡೆಯಲ್ಲಿಟ್ಟು ಒಮ್ಮೆ ಕಡಿದರೆ ಪಾತಮ್ಮನಿಗೆ ಆ ದಿನ ಗೊತ್ತಾಗುತ್ತಿತ್ತು. ಹೇಗೆ ಎಂದು ಕೇಳಿದವರಿಗೆ "ಹಲ್ಲು ಹೇಳ್ತೈತೆ" ಎನ್ನುತ್ತಿದ್ದಳು. ಮೂವತ್ತೆಂಟು ವರ್ಷ ಊರಿನವರು ಸೆರಗಿನಲ್ಲಿ, ಟವೆಲಿನಲ್ಲಿ ಹಿಡಿಹಿಡಿ ತಂದು ಅವಳ ಮುಂದೆ ಸುರಿದಿದ್ದರು.

ಬಲಗಡೆಯ ದವಡೆ ಹಲ್ಲುಗಳು ಎಂದೋ ಉದುರಿದ್ದವು. ಈಗ ಕಣದಲ್ಲಿ ಮನೆಯದೂ ಮೈದುನ ಗಾದ್ರಪ್ಪನದೂ ಸೇರಿ ಮುಂದಿನ ವರ್ಷದ ಬೀಜವೆಲ್ಲ ಹರಡಿತ್ತು. ಹೇಳುವ ಹಲ್ಲು ಡಾಕ್ಟರ ಸ್ಟೀಲಿನ ತಟ್ಟೆಯಲ್ಲಿ ಉಳಿದಿತ್ತು.

ಮುಂದಿನ ಸೀಟಿನ ಹೆಂಗಸು ತಿರುಗಿ, ನೋವಾ ಎಂದು ತೆಲುಗಿನಲ್ಲಿ ಕೇಳಿದಳು. ಪಾತಮ್ಮ ತಲೆಯಾಡಿಸಿದಳು, ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ. ಮೊಳಕಾಲ್ಮೂರು ದಾಟಿದ ಮೇಲೆ ಕಣ್ಣು ಮುಚ್ಚುತ್ತ ತೆರೆಯುತ್ತ ಇತ್ತು. ತೆರೆದಾಗಲೆಲ್ಲ ಗುಡ್ಡದ ತುಂಬ ಬಂಡೆಗುಂಡುಗಳು, ಯಾರೋ ಒಣಹಾಕಿ ತುಂಬುವುದನ್ನು ಮರೆತುಹೋದ ಕಾಯಿಗಳ ಹಾಗೆ ಬಿಸಿಲಿಗೆ ಬಿದ್ದಿದ್ದವು. ಅಷ್ಟು ದೊಡ್ಡವನ್ನು ಕಡಿದು ನೋಡುವವರು ಯಾರು ಎಂದುಕೊಂಡಳು. ಮತ್ತೆ ಕಣ್ಣು ಮುಚ್ಚಿತು.

ಸಂಜೆ ಮರಗಟ್ಟಿದ್ದು ಬಿಟ್ಟಿತು, ನೋವು ಬಂತು. ಮಾತ್ರೆ ನುಂಗಿದ ಮೇಲೆ ನೋವು ದೂರ ಹೋಗಿ, ಪಕ್ಕದ ಮನೆಯಲ್ಲಿ ಯಾರೋ ಕುಟ್ಟುವ ಸದ್ದಿನಷ್ಟಾಯಿತು. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು, ಆರಿದ ರಾಗಿ ಅಂಬಲಿ, ಜಗಲಿಯ ಕಂಬಕ್ಕೊರಗಿ ನಿದ್ದೆ. ನಾಲಿಗೆ ಮತ್ತೆ ಮತ್ತೆ ಆ ಗುಳಿಗೇ ಹೋಗುತ್ತಿತ್ತು. ಅರೆನಿದ್ದೆಯಲ್ಲಿ ಅತ್ತೆ ದುರುಗಕ್ಕ ಎದುರು ಕೂತು ಬೀಜ ಕಡಿಯುತ್ತಿದ್ದಳು. ಒಂದಾದ ಮೇಲೆ ಒಂದು, ಪಟ್, ಪಟ್. ಅವಳು ಕಡಿದದ್ದು ಪಾತಮ್ಮನ ತಲೆಯೊಳಗೆ ಕೇಳುತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಮೂಡಲಲ್ಲಿ ಮೋಡ ಕಟ್ಟಿತು. ಗಾದ್ರಪ್ಪ ಖಾಲಿ ಚೀಲಗಳನ್ನು ಹೆಗಲಿಗೇರಿಸಿಕೊಂಡೇ ಬಂದ.

"ಅತ್ತಿಗೆಮ್ಮ, ಮಾತು ಬಂತಾ? ನಾಕು ದಿನದಿಂದ ಊರು ತಣ್ಣಗಿತ್ತು."

"ನಿನ್ ಹಲ್ಲೂ ಕೀಳಿಸ್ತೀನಿ ತಡಿ" ಎಂದಳು ಪಾತಮ್ಮ, ತುಟಿ ಹೆಚ್ಚು ತೆರೆಯದೆ.

"ತುಂಬಿಬಿಡಾನ. ಕಾಯಿ ಅಲ್ಲಾಡಿಸಿದ್ರೆ ಗಲಗಲ ಅಂತೈತೆ ನೋಡು."

"ಸಿಪ್ಪೆ ಮೊದ್ಲು ಒಣಗ್ತೈತೆ, ಬೀಜ ಆಮೇಲೆ. ಗಲಗಲ ಅನ್ನೋದು ಸುಳ್ಳು ಹೇಳ್ತೈತೆ."

"ನಿಜ ಹೇಳೋದು ಚಳ್ಳಕೆರೇಲಿ ಬಿಟ್ ಬಂದೀಯಲ್ಲ."

ಪಾತಮ್ಮ ಒಂದು ಬೀಜವನ್ನು ಮುಂದಿನ ಹಲ್ಲಿಗಿಟ್ಟಳು. ಹಲ್ಲು ಅದನ್ನು ಕತ್ತರಿಸಿತು, ಏನನ್ನೂ ಹೇಳಲಿಲ್ಲ. ನಿರ್ಮಲಾಳನ್ನು ಕರೆದು ಕಡಿಯಲು ಹೇಳಿದಳು. ನಿರ್ಮಲಾ ಕಡಿದು, "ಗಟ್ಟಿ ಐತೆ ಅತ್ತೆ" ಎಂದಳು.

"ಎಷ್ಟು ಗಟ್ಟಿ?"

ನಿರ್ಮಲಾ ಗಾದ್ರಪ್ಪನ ಮುಖ ನೋಡಿದಳು.

ಆಗ ಪಾತಮ್ಮನಿಗೆ ಅತ್ತೆಯ ಕನಸು ನೆನಪಾಯಿತು. ಇಷ್ಟು ವರ್ಷ ಹಲ್ಲು ಕಡಿಯುತ್ತಿತ್ತು, ದವಡೆಯ ಎಲುಬಿನಗುಂಟ ಬಂದ ಸದ್ದನ್ನು ಕಿವಿ ಕೇಳುತ್ತಿತ್ತು. ಕಿವಿ ಇನ್ನೂ ಇತ್ತು. ಸೊಸೆಯ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು, ತನ್ನ ಬಲಗಿವಿಯನ್ನು ಅವಳ ಕೆನ್ನೆಗೆ ಒತ್ತಿದಳು.

"ಅಡಿಯಿಂದ ತಗೊಂಡಿದ್ದು ಕಡಿ."

ಮೆತ್ತಗಿನ ಸದ್ದು. ಒದ್ದೆ ಕಡ್ಡಿ ಮುರಿದ ಹಾಗೆ.

"ಇನ್ನೊಂದು."

ಅದೂ ಹಾಗೆಯೇ.

"ಇನ್ನೊಂದ್ ಬಿಸಿಲು ಬೇಕು ಗಾದ್ರಪ್ಪ. ಟಾರ್ಪಾಲು ಹೊದಿಸು."

"ಮಳೆ ಬಂದ್ರೆ?"

"ಬಂದ್ರೆ ನಂಗೆ ಬೈಯಿ."

ನಾಲ್ಕು ಹನಿ ಟಾರ್ಪಾಲಿನ ಮೇಲೆ ಬಿದ್ದವು. ಮೋಡ ದೇವಸಮುದ್ರದ ಕಡೆ ಸರಿಯಿತು. ಮರುದಿನ ಇಡೀ ದಿನ ಬಿಳಿ ಬಿಸಿಲು. ಇಳಿಹೊತ್ತಿಗೆ ಮೂವರೂ ಕಣದ ಅಂಚಿನಲ್ಲಿ ಕೂತರು. ಪಾತಮ್ಮ ಸೊಸೆಯ ಕೆನ್ನೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದಳು. ಕೆನ್ನೆ ಬೆಚ್ಚಗಿತ್ತು, ಒಳಗೆ ಉಸಿರಾಡುವುದು ಕೇಳುತ್ತಿತ್ತು.

ಪಟ್.

ಪಾತಮ್ಮ ಬಾಯಿ ತೆರೆಯುವ ಮೊದಲೇ ನಿರ್ಮಲಾ ಬೀಜ ಉಗುಳಿ, "ಚಿಕ್ಕಮಾವ, ಚೀಲ ತಗೊಂಬರ್ರಿ" ಎಂದಳು.

ಗಾದ್ರಪ್ಪ ಅತ್ತಿಗೆಯ ಕಡೆ ನೋಡಿದ. ಪಾತಮ್ಮ ಕಣ್ಣು ತೆರೆಯದೆ, ಕಿವಿಯನ್ನೂ ತೆಗೆಯದೆ, ಹೋಗು ಎಂದು ಕೈ ಬೀಸಿದಳು.