ರಿವರ್ಸ್ ಇದ್ದ ಜಾಗದಲ್ಲಿ ಐದನೇ ಗೇರು

ಅಪ್ಪನ ಹಳೇ ಪಿಕಪ್‌ಗೆ ನಾಲ್ಕೇ ಗೇರು. ಚನ್ನರಾಯಪಟ್ಟಣ ದಾಟಿ ಹೆದ್ದಾರಿಯಲ್ಲಿ ವೇಗ ಹಿಡಿದರೆ ಇಂಜಿನ್ ಅರಚಿ ಅರಚಿ ತಲೆ ಚಿಟ್ಟು ಹಿಡಿಯುತ್ತಿತ್ತು. ಸಾಕಾಗಿ, ಹೋದ ವರ್ಷ ಹಾಸನದ ಗ್ಯಾರೇಜಿನಲ್ಲಿ ಐದು ಗೇರಿನ ಬಾಕ್ಸ್ ಹಾಕಿಸಿದೆ. ಮೊದಲು ರಿವರ್ಸ್ ಇದ್ದ ಜಾಗದಲ್ಲೇ ಈಗ ಐದನೇ ಗೇರು ಬಂತು.

ಮೊದಲ ಸಲ ಅಪ್ಪನೇ ಓಡಿಸಿದ. ಹಿರೀಸಾವೆ ಹತ್ತಿರ, "ಐದುಕ್ಕಾಕಪ್ಪ" ಎಂದೆ. ಅವನು ಗಾಡಿಯನ್ನು ರಸ್ತೆ ಪಕ್ಕಕ್ಕೆ ತಂದು ಪೂರ್ತಿ ನಿಲ್ಲಿಸಿಬಿಟ್ಟ.

"ಯಾಕ್ ನಿಲ್ಲುಸ್ದೆ?" ಎಂದು ರೇಗಿದೆ.

"ಓಡೋ ಗಾಡೀನ ರಿವರ್ಸಿಗೆ ಯಾವನ್ಲಾ ಆಕ್ತಾನೆ?"

"ಅದು ರಿವರ್ಸಲ್ಲ ಕಣಪ್ಪ, ಐದು!"

"ನಂಗೊತ್ತು ಕಣ್ಲಾ. ಕೈ ಕೇಳ್ಬೇಕಲ್ಲ?"

ಈಗ ನಾನೇ ಓಡಿಸುತ್ತೇನೆ. ಐದನೇ ಗೇರಿಗೆ ಹಾಕಿದಾಗಲೆಲ್ಲ, ಪಕ್ಕದಲ್ಲಿ ಕೂತ ಅಪ್ಪ ಕತ್ತು ಹೊರಳಿಸಿ ಹಿಂದೆ ಯಾರಾದರೂ ಇದ್ದಾರಾ ಎಂದು ನೋಡುತ್ತಾನೆ.