ಒಲೆಯಿಂದ ಇಳಿದ ಬಾಣಲೆ

ಬಸ್ ಡಿಪೋದ ಗೇಟು ಇನ್ನೂ ಅರ್ಧವೇ ತೆರೆದಿದೆ. ಮೊದಲ ಬಸ್ಸಿನ ಇಂಜಿನ್ನು ಕೆಮ್ಮಿ ಕೆಮ್ಮಿ ಶುರುವಾಗುವ ಹೊತ್ತಿಗೆ ಕ್ಯಾಂಟೀನಿನ ಹಿಂದಿನ ಅಂಗಳದಲ್ಲಿ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು ಸೊಪ್ಪು ಕೊಯ್ಯುತ್ತಿದ್ದಾರೆ. ಸೊಪ್ಪು ಬೆಳೆದಿರುವುದು ಮಡಿಯಲ್ಲಲ್ಲ, ಕುಂಡದಲ್ಲೂ ಅಲ್ಲ. ಎರಡು ತೋಳು ಅಗಲಿಸಿದರೂ ಅಂಚು ಸಿಗದಂಥ ಕಬ್ಬಿಣದ ಬಾಣಲೆಯಲ್ಲಿ. ಒಂದು ಕಾಲಕ್ಕೆ ಇದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಣ್ಣೆ ಕುದಿಯುತ್ತಿತ್ತು. ಈಗ ತಳದ ತುಂಬ ತೂತು. ಪಕ್ಕದ ವರ್ಕ್‌ಶಾಪಿನ ಮೆಕ್ಯಾನಿಕ್ಕನ್ನು ಕರೆದು ಅವರೇ ಹಾಕಿಸಿದ್ದು.

“ನೀರು ಬಸಿದು ಹೋಗ್ಲಿ ಅಂತ ಮಾತ್ರ ಅಲ್ಲ,” ಎನ್ನುತ್ತಾರೆ, ಕತ್ತರಿಸಿದ ದಂಟನ್ನು ಬುಟ್ಟಿಗೆ ಹಾಕುತ್ತ. “ಇದು ಮತ್ತೆ ಒಲೆ ಹತ್ತಬಾರದು ಅಂತಾನೂ.”

ಡಿಪೋದಲ್ಲಿ ಇವರು ಎಲ್ಲರಿಗೂ ಅಕ್ಕ. ನಿವೃತ್ತಿಯ ಅಂಚಿನಲ್ಲಿರುವ ಡ್ರೈವರುಗಳೂ ಅಕ್ಕ ಎಂದೇ ಕರೆಯುತ್ತಾರೆ, ಸಿಟ್ಟು ಬಂದಾಗಲೂ. ಸಿಟ್ಟು ಬರುವುದು ಅಪರೂಪವೇನಲ್ಲ. ಬೆಳಗಿನ ಪಾಳಿಯ ಇನ್ನೂರು ಜನಕ್ಕೆ ಇವರು ಬಡಿಸುವುದು ಪಾಲಿಶ್ ಮಾಡದ ಅಕ್ಕಿಯ ಅನ್ನ, ಸೊಪ್ಪು, ಕಾಳು ಹಾಕಿದ ಟೊಮ್ಯಾಟೊ ಸಾರು, ಒಂದು ಹಣ್ಣು. ಕರಿದದ್ದು ಇಲ್ಲ. ಪ್ಯಾಕೆಟ್ಟಿನ ಮಾಂಸ ಇಲ್ಲ. ಚಹಾಕ್ಕೆ ಎರಡನೇ ಚಮಚ ಸಕ್ಕರೆ ಕೇಳಿದರೆ ಕಣ್ಣಲ್ಲೇ ಗದರುತ್ತಾರೆ.

ಅಕ್ಕನನ್ನು ಈ ಅಡುಗೆಮನೆಗೆ ತಂದು ಸೇರಿಸಿದವನು ಅವರ ಒಡಹುಟ್ಟಿದ ಅಣ್ಣ, ಇಲ್ಲಿಯ ಹಿರಿಯ ಡ್ರೈವರು. ತಿರುವು ಕಾಣುವ ಮೊದಲೇ ಹಾರನ್ ಒತ್ತುವವನು, ಮಾತಿನಲ್ಲೂ ದನಿ ತಗ್ಗಿಸಿ ಗೊತ್ತಿಲ್ಲದವನು. ಹಾಗಾಗಿ ಊರಿಗೆಲ್ಲ ಅವನು ‘ಹಾರನ್’. ಅವನು ಹೂಂ ಅಂದರೆ ಡ್ರೈವರುಗಳೆಲ್ಲ ಹೂಂ, ಊಹೂಂ ಅಂದರೆ ಎಲ್ಲರೂ ಊಹೂಂ.

ಹತ್ತು ವರ್ಷ ಅಕ್ಕ ಆ ಬಾಣಲೆಯ ಮುಂದೆ ನಿಂತು ಕರಿದರು, ಉಳಿದದ್ದನ್ನೇ ತಿಂದರು, ಮೈ ಬೆಳೆಸಿಕೊಂಡರು. ಒಂದು ದಿನ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ನೋವಿಲ್ಲವಲ್ಲ, ತಾನಾಗಿ ಕರಗುತ್ತದೆ ಅಂದುಕೊಂಡು ತಿಂಗಳುಗಟ್ಟಲೆ ಸೆರಗಿನ ಕೆಳಗೆ ಬಚ್ಚಿಟ್ಟರು. ಕೊನೆಗೆ ಆಸ್ಪತ್ರೆಗೆ ಹೋದಾಗ ಇಡೀ ಸ್ತನ ತೆಗೆಯಬೇಕಾಯಿತು. ಆ ಕಡೆಯ ತೋಳಿಗೆ ಈಗಲೂ ತುಂಬಿದ ಪಾತ್ರೆ ಎತ್ತುವ ಶಕ್ತಿ ಇಲ್ಲ.

ತೂಕ ಇಳಿಸು, ದಿನಾ ನಡಿ, ಕಾಳು ಸೊಪ್ಪು ಹಣ್ಣು ಹೆಚ್ಚು ಮಾಡು, ಕರಿದದ್ದು ಕಡಿಮೆ ಮಾಡು, ಕುಡಿತ ಹೊಗೆಸೊಪ್ಪಿನ ಹತ್ತಿರ ಸುಳಿಯಬೇಡ ಎಂದು ಡಾಕ್ಟರು ಹೇಳಿದರು. ಕೇಳಿ ಬಂದ ಅಕ್ಕ ಇವತ್ತಿಗೂ ಅದನ್ನು ಉತ್ಪ್ರೇಕ್ಷೆ ಮಾಡುವುದಿಲ್ಲ. “ಸೊಪ್ಪು ತಿಂದೋರಿಗೆ ಕ್ಯಾನ್ಸರ್ ಬರೋದೇ ಇಲ್ಲ ಅಂತ ನಾನು ಯಾವತ್ತಾದ್ರೂ ಹೇಳಿದ್ರೆ ನನ್ನ ಬಾಯಿ ಮುಚ್ಚಿಸಿ. ಅಪಾಯ ಸ್ವಲ್ಪ ಕಮ್ಮಿ ಆಗುತ್ತೆ, ಅಷ್ಟೇ. ಆ ಸ್ವಲ್ಪನ ನಾನ್ಯಾಕೆ ಬಿಡ್ಲಿ?”

ಕೆಲಸಕ್ಕೆ ಮರಳಿದ ವಾರವೇ ಬಾಣಲೆ ಅಂಗಳಕ್ಕೆ ಬಿತ್ತು. ಡಿಪೋ ಬೆಚ್ಚಿಬಿದ್ದಿತು. ಆಸ್ಪತ್ರೆ ಊಟ ಎಂದು ಮೂಗು ಮುರಿದರು, ಹುಲ್ಲು ಹಾಕ್ತಾಳೆ ಎಂದು ಆಡಿಕೊಂಡರು. ಅರ್ಧ ಜನ ಗೇಟಿನಾಚೆಯ ಕರಿದ ತಿಂಡಿಯ ಗಾಡಿಗೆ ಓಡಿದರು. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಗಸು ಕಂಡಕ್ಟರುಗಳನ್ನು ಮಾತ್ರ ಬೆಳಗ್ಗೆ ಡಿಪೋ ಸುತ್ತ ನಡೆಸುತ್ತ, ಮೈಯಲ್ಲಿ ಏನೇ ಹೊಸದಾಗಿ ಕಂಡರೂ ತನ್ನ ಹಾಗೆ ಬಚ್ಚಿಡಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ ಎಂದು ಬಿಡಿಸಿ ಹೇಳಿದರು.

ನಿಜವಾದ ಜಗಳ ಶುರುವಾದದ್ದು ಹೋದ ವರ್ಷ. ಶುರು ಮಾಡಿದವನು ಸ್ವಂತ ಅಣ್ಣ.

ಇಲ್ಲಿಯ ಡ್ರೈವರುಗಳಿಗೆ ಒಂದು ಹಳೆಯ ಅಭ್ಯಾಸ. ದಾರಿಯಲ್ಲಿ ಶೌಚಾಲಯವಿಲ್ಲ, ತುಂಬಿದ ಬಸ್ಸು ನಿಲ್ಲಿಸಿ ಇಳಿದರೆ ಪ್ರಯಾಣಿಕರು ಗೊಣಗುತ್ತಾರೆ. ಹಾಗಾಗಿ ಸ್ಟೀರಿಂಗ್ ಹಿಡಿಯುವ ಮುನ್ನ ಯಾರೂ ನೀರು ಮುಟ್ಟುವುದಿಲ್ಲ. ಹಾರನ್ ಅಂತೂ ಈ ವಿಷಯದಲ್ಲಿ ಪಕ್ಕಾ. ಅಂಥವನು ದಾರಿಯಲ್ಲಿ ಎರಡೆರಡು ಸಲ ಬಸ್ಸು ನಿಲ್ಲಿಸಿ ಗೋಡೆಯ ಮರೆಗೆ ಹೋಗತೊಡಗಿದ. ಕಾರಣವನ್ನೂ ತಾನೇ ಕಂಡುಹಿಡಿದ: ತಂಗಿಯ ಸಾರು! ಬಟ್ಟಲುಗಟ್ಟಲೆ ನೀರು ಸಾರು ಕುಡಿಸಿದರೆ ಇನ್ನೇನಾಗುತ್ತದೆ ಎಂದು ಡಿಪೋ ತುಂಬ ಸಾರಿದ. ಉಳಿದವರು ತಲೆದೂಗಿದರು. ಎಲ್ಲ ಸೇರಿ ಮ್ಯಾನೇಜರ ಕೋಣೆಗೆ ನುಗ್ಗಿ, ಈ ಊಟದಿಂದ ಬಸ್ಸು ತಡವಾಗುತ್ತಿದೆ ಎಂದರು. ಖಾಲಿ ಬೆಂಚು ನೋಡಿ ಮೊದಲೇ ಬೇಸತ್ತಿದ್ದ ಮ್ಯಾನೇಜರು ಅಕ್ಕನನ್ನು ಕರೆಸಿದರು. ಮುಂದಿನ ತಿಂಗಳ ಮೊದಲ ಸೋಮವಾರ ಹೊಸ ಬಾಣಲೆ ಬರುತ್ತದೆ, ಕರಿಯುವುದಾದರೆ ಇರಿ, ಇಲ್ಲವಾದರೆ ಬೀಗದ ಕೈ ಕೊಟ್ಟು ಹೋಗಿ ಅಂದರು.

ಅಡುಗೆಮನೆ ಬಿಟ್ಟರೆ ಅಕ್ಕನಿಗೆ ಬೇರೆ ಗತಿಯಿಲ್ಲ. ಆದರೆ ಆ ಕೋಣೆಯಿಂದ ಹೊರಬಂದಾಗ ಅವರ ತಲೆಯಲ್ಲಿ ಕೊರೆಯುತ್ತಿದ್ದುದು ಬೀಗದ ಕೈಯಲ್ಲ. ಅದೇ ಸಾರನ್ನು ಹೆಂಗಸರೂ ಕುಡಿಯುತ್ತಾರೆ, ಹುಡುಗರೂ ಕುಡಿಯುತ್ತಾರೆ. ಇವನೊಬ್ಬನಿಗೇ ಯಾಕೆ? ಅವರಿಬ್ಬರ ಅಪ್ಪನೂ ಕೊನೆಕೊನೆಗೆ ಹೀಗೇ ಮತ್ತೆ ಮತ್ತೆ ಎದ್ದು ಹೋಗಿ ಗೋಡೆ ಹಿಡಿದು ಹೊತ್ತುಗಟ್ಟಲೆ ನಿಲ್ಲುತ್ತಿದ್ದ. ವಯಸ್ಸಾಯಿತು ಅಂದುಕೊಂಡು ಮನೆಯವರು ಸುಮ್ಮನಿದ್ದರು. ಅದು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾದದ್ದು ಕೈಮೀರಿದ ಮೇಲೆ.

ಮಾರನೇ ಬೆಳಗ್ಗೆ ಅಕ್ಕ ಹಾರನ್‌ನ ಬಸ್ಸು ಹತ್ತಿ ಡ್ರೈವರ್ ಸೀಟಿನ ಹಿಂದೆಯೇ ಕೂತರು. ಕ್ಯಾಂಟೀನು ಉಳಿಸು ಎಂದು ಕಾಲು ಹಿಡಿಯಲು ಬಂದಿದ್ದಾಳೆ ಅಂದುಕೊಂಡ ಅಣ್ಣ ತಿರುಗಿಯೂ ನೋಡಲಿಲ್ಲ. ಕೊನೆಯ ನಿಲ್ದಾಣದಲ್ಲಿ ಜನರೆಲ್ಲ ಇಳಿದ ಮೇಲೆ ಅಕ್ಕ ಬಾಯಿಬಿಟ್ಟರು. ಕ್ಯಾಂಟೀನಿನ ಮಾತೇ ಎತ್ತಲಿಲ್ಲ.

“ಅಣ್ಣ, ಅಪ್ಪಂಗೂ ಹೀಗೇ ಆಗಿತ್ತು. ನಡಿ, ತೋರಿಸ್ಕೊಂಡು ಬರೋಣ.”

ಅವನು ಕೆಂಡಾಮಂಡಲವಾದ. ತಂಗಿ ಆಡುವ ಮಾತಾ ಇದು, ನಾಚಿಕೆ ಇಲ್ಲವಾ ಎಂದು ಖಾಲಿ ಬಸ್ಸು ನಡುಗುವಂತೆ ಕೂಗಿದ.

“ಇತ್ತು,” ಅಂದರು ಅಕ್ಕ. “ಆ ನಾಚಿಕೆಗೇ ಒಂದು ಎದೆ ಕೊಟ್ಟಿದೀನಿ. ನೀನೇನು ಕೊಡ್ತೀಯ?”

ಅವನು ಗೇರು ಹಾಕಿದ. ಇನ್ನು ನಿನ್ನ ಕ್ಯಾಂಟೀನಿನ ಮೆಟ್ಟಿಲು ತುಳಿಯುವುದಿಲ್ಲ ಎಂದಷ್ಟೇ ಹೇಳಿ ಬಸ್ಸು ತಿರುಗಿಸಿದ. ಅಲ್ಲಿಗೆ ಅಡುಗೆಮನೆ ಹೋಯಿತು ಎಂದು ಅಕ್ಕನಿಗೆ ಖಾತ್ರಿಯಾಯಿತು. ಇಳಿಯುವಾಗ ಅಳು ಬಂತು, ಯಾರಿಗೂ ತೋರಿಸಲಿಲ್ಲ.

ಹೇಳಿದ ಸೋಮವಾರ ಹೊಸ ಬಾಣಲೆ ಬಂದೇ ಬಂತು. ಪಳಪಳ ಹೊಳೆಯುತ್ತ ಕಟ್ಟೆಯ ಮೇಲೆ ಕೂತಿತು. ಮ್ಯಾನೇಜರು ನಿಂತಿದ್ದಾರೆ, ಡ್ರೈವರುಗಳು ನೆರೆದಿದ್ದಾರೆ. ಅಕ್ಕ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದು ಬಾಣಲೆಯೊಳಗೆ ಟಣ್ಣೆಂದು ಇಟ್ಟರು. ಕರಿಯುವುದಿಲ್ಲ ಎಂದರು.

ಆಗ ಹಾರನ್ ಬಂದ. ಮೆಟ್ಟಿಲು ತುಳಿದೇ ಬಂದ. ಅಷ್ಟೂ ದಿನ ಯಾರಿಗೂ ಹೇಳದೆ ಆಸ್ಪತ್ರೆಗೆ ಅಲೆದಿದ್ದನಂತೆ. ಆ ದಿನ ಮಾತ್ರ ಅವನ ದನಿ ಎತ್ತರವಿರಲಿಲ್ಲ ಎಂದು ಅಲ್ಲಿದ್ದವರು ಈಗಲೂ ನೆನೆಯುತ್ತಾರೆ. “ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆಯಂತೆ ಕಣ್ರೋ. ಬೇಗ ಬಂದ್ರಿ, ಚಿಕಿತ್ಸೆ ಮಾಡಬಹುದು ಅಂದ್ರು. ಸಾರಿಂದ ಆಗಿದ್ದಲ್ಲ. ಗೋಡೆ ಹಿಡ್ಕೊಂಡು ನಿಲ್ಲೋರು ಇಲ್ಲಿ ನಾನೊಬ್ನೇ ಅಲ್ಲ ಅಂತಾನೂ ನನಗೆ ಗೊತ್ತು. ಹೋಗಿ ತೋರಿಸ್ಕೊಳ್ಳಿ.” ಆಮೇಲೆ ಬಾಣಲೆಯಿಂದ ಬೀಗದ ಕೈ ತೆಗೆದು ತಂಗಿಯ ಕೈಗಿಟ್ಟು, ತಟ್ಟೆ ಹಿಡಿದು ಬೆಂಚಿನ ಮೇಲೆ ಕೂತ. ಒಬ್ಬೊಬ್ಬರಾಗಿ ಉಳಿದವರೂ ಕೂತರು. ಮ್ಯಾನೇಜರು ಗಂಟಲು ಸರಿಮಾಡಿಕೊಂಡು, ತಮಗೂ ಒಂದು ತಟ್ಟೆ ಎಂದರು.

ಹಾಗೆಂದು ಡಿಪೋ ಪೂರ್ತಿ ಬದಲಾಗಿಲ್ಲ. ಗೇಟಿನಾಚೆಯ ಗಾಡಿಗೆ ಇಂದಿಗೂ ಗಿರಾಕಿಗಳಿದ್ದಾರೆ. ಕದ್ದು ತಿಂದು ಬಂದು ಮೀಸೆ ಒರೆಸಿಕೊಳ್ಳುವವರು ಅಕ್ಕನಿಗೆ ಗೊತ್ತು. ಹಾರನ್‌ಗೆ ಚಿಕಿತ್ಸೆ ನಡೆಯುತ್ತಿದೆ. ಸ್ಟೀರಿಂಗ್ ಬಿಟ್ಟು ಸದ್ಯ ಡಿಪೋದ ಕಚೇರಿಯಲ್ಲಿ ಕೂತಿದ್ದಾನೆ. ಸಿಗರೇಟು ಬಿಟ್ಟಿದ್ದಾನೆ, ಬೆಳಗ್ಗೆ ಹೆಂಗಸರ ಹಿಂದೆ ಏದುಸಿರು ಬಿಡುತ್ತ ನಡೆಯುತ್ತಾನೆ. ಉಪ್ಪು ಕಮ್ಮಿ ಎಂದು ಜಗಳ ತೆಗೆಯುವುದನ್ನು ಬಿಟ್ಟಿಲ್ಲ.

ಇನ್ನೇನು ಬೇಕು ಎಂದು ಕೇಳಿದರೆ ಅಕ್ಕನ ಆಸೆ ಒಂದೇ. “ಕೊನೇ ಸ್ಟಾಪಲ್ಲಿ ಒಂದು ಶೌಚಾಲಯ ಕಟ್ಟಿಸ್ಲಿ. ನಮ್ಮ ಡ್ರೈವರುಗಳು ಹೆದರದೆ ಒಂದು ಲೋಟ ನೀರು ಕುಡೀಲಿ.”

ಸೂರ್ಯ ಮೇಲೇರುತ್ತಿದ್ದಾನೆ. ಒಳಗೆ ಸಾರಿನ ಒಗ್ಗರಣೆ ಚಟಗುಟ್ಟುತ್ತದೆ. ಹೊಸ ಬಾಣಲೆ ಕಟ್ಟೆಯ ಮೇಲೆಯೇ ಇದೆ, ನಾಳೆಯ ಕಾಳು ಅದರಲ್ಲಿ ನೆನೆಯುತ್ತಿದೆ. ಇದಕ್ಕೂ ತೂತು ಹಾಕಿಸುತ್ತೀರಾ ಎಂದರೆ ಅಕ್ಕ ಸೊಪ್ಪಿನ ಬುಟ್ಟಿಯನ್ನು ಬಲಗೈಗೆ ಬದಲಿಸಿಕೊಂಡು ನಗುತ್ತಾರೆ.

“ಒಲೆ ಮೇಲಿಡು ಅಂತ ಯಾರಾದ್ರೂ ಅನ್ಲಿ. ಅವತ್ತೇ ಹಾಕಿಸ್ತೀನಿ.”